ವಾಕೋಗೆ ಹೋದ ಚೂರ್ಣದ ಡಬ್ಬಿ

ಜಪಾನಿಗೆ ಹೋಗಿಬಂದವರು ಚೆರ್ರಿ ಹೂವಿನ ಬಗ್ಗೆ ಹೇಳುತ್ತಾರೆ, ಬುಲೆಟ್ ರೈಲಿನ ಬಗ್ಗೆ ಹೇಳುತ್ತಾರೆ. ನಾನು ಹೋದದ್ದು ಕೊರೋನಾ ವರ್ಷ, ಹೂವು ಅರಳಿದ್ದಾಗ ಯಾರೂ ಮನೆಯಿಂದ ಹೊರಗೆ ಬರಬೇಡಿ ಎಂದಿದ್ದರು. ರೈಲಿನ ಮಾತಂತೂ ಇರಲೇ ಇಲ್ಲ. ಆದ್ದರಿಂದ ನಾನು ಹೇಳಬಹುದಾದದ್ದು ವಾಕೋ ಎಂಬ ಊರಿನ ಎರಡನೇ ಮಹಡಿಯ ಒಂದು ಅಡುಗೆಮನೆ ಮತ್ತು ಅದರ ಮೇಲಿನ ಅರೆಯಲ್ಲಿದ್ದ ಒಂದು ತವರದ ಡಬ್ಬಿಯ ಬಗ್ಗೆ.

ಡಬ್ಬಿಯಲ್ಲಿ ಇದ್ದದ್ದು ಹೊಟ್ಟೆ ಕೆಟ್ಟಾಗ ಮಜ್ಜಿಗೆಯಲ್ಲಿ ಕದಡಿ ಕುಡಿಯುವ ಚೂರ್ಣ. ನಮ್ಮ ಯಜಮಾನರು ಮೈಸೂರಿನಲ್ಲಿ ಆಯುರ್ವೇದ ವೈದ್ಯರಾಗಿದ್ದರು. ಕಾಯಿಲೆ ಬೀಳುವ ಮುಂಚೆ ಅವರು ಕೈಯಾರೆ ಕುಟ್ಟಿ ಮಾಡಿದ ಕೊನೆಯ ಔಷಧ ಅದು. ಜಾಯಿಕಾಯಿ, ಲವಂಗ, ಏಲಕ್ಕಿ, ಸಕ್ಕರೆ, ಜೊತೆಗೆ ಒಂದು ಪಾಲು ವಿಜಯಾ. ವಿಜಯಾ ಎಂದರೆ ಭಂಗಿ ಸೊಪ್ಪು, ಅಂದರೆ ಗಾಂಜಾ ಗಿಡದ ಎಲೆ. ನಮ್ಮಲ್ಲಿ ಪರವಾನಗಿ ಇಟ್ಟುಕೊಂಡು, ತೊಳೆದು, ತುಪ್ಪದಲ್ಲಿ ಹುರಿದು ಬಳಸುವ ಮಾಮೂಲಿ ಮೂಲಿಕೆ. ಇಷ್ಟು ಓದಿದ ಕೂಡಲೇ ನಿಮಗೆ ವಿಷಯ ಹೊಳೆದಿರುತ್ತದೆ. ನನಗೆ ಹೊಳೆಯುವುದಕ್ಕೆ ನಾಲ್ಕು ತಿಂಗಳು ಬೇಕಾಯಿತು.

ನರಿತಾ

ಯಜಮಾನರು ಹೋಗಿ ವರ್ಷ ತುಂಬಿದ ಮೇಲೆ ಮಗಳು ವಿನುತಾ ಹಟ ಹಿಡಿದು ಟಿಕೆಟ್ ಕಳಿಸಿದಳು. ಮೂರು ತಿಂಗಳು ಇದ್ದು ಬರುವ ಲೆಕ್ಕ. ವಿಮಾನದಲ್ಲಿ ಅರ್ಧ ಜನ ಆಗಲೇ ಮಾಸ್ಕ್ ಹಾಕಿದ್ದರು. ಉಳಿದರ್ಧ ಜನ ಅವರನ್ನು ನೋಡಿ ನಗುತ್ತಿದ್ದರು. ನಾನೂ ನಕ್ಕಿದ್ದೆ.

ನರಿತಾ ವಿಮಾನ ನಿಲ್ದಾಣದಲ್ಲಿ ಹಸಿರು ಅಂಗಿ ತೊಟ್ಟ ಪುಟ್ಟ ನಾಯಿಯೊಂದು ನನ್ನ ಪೆಟ್ಟಿಗೆಯ ಪಕ್ಕ ಬಂದು ಬಹಳ ಮರ್ಯಾದೆಯಿಂದ ಕುಳಿತುಕೊಂಡಿತು. ಮುದ್ದಾಗಿದೆಯಲ್ಲ ಎಂದು ನಾನು ಕೈ ಚಾಚಿದೆ. ಅದರ ಹಿಂದೆ ನಿಂತಿದ್ದ ಹುಡುಗಿ ನನಗಿಂತ ಹೆಚ್ಚು ಮರ್ಯಾದೆಯಿಂದ ಪೆಟ್ಟಿಗೆ ತೆರೆಸಿದಳು. ಹಣ್ಣು, ಮಾಂಸ ಮೂಸಿ ಹಿಡಿಯುವ ನಾಯಿ ಅದಂತೆ. ನನ್ನ ತೋತಾಪುರಿ ಮಾವಿನಕಾಯಿಗಳು ಹೋದವು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಾಜಾ ಇಟ್ಟುಕೊಂಡಿದ್ದ ಕರಿಬೇವೂ ಹೋಯಿತು. ಆಕೆ ಪ್ರತಿಯೊಂದನ್ನು ಎತ್ತಿಕೊಂಡಾಗಲೂ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದು ಬಗ್ಗುತ್ತಿದ್ದಳು. ಬೈಯಲು ಬಾಯಿ ತೆರೆದರೆ ಎದುರಿಗೆ ಬರೀ ನೆತ್ತಿ ಕಾಣುತ್ತಿತ್ತು.

ಕರಿಬೇವಿನ ದುಃಖದಲ್ಲಿ ನಾನು ವಾಕೋ ತಲುಪುವವರೆಗೂ, ಕರೆದೊಯ್ಯಲು ಬಂದಿದ್ದ ಅಳಿಯ ಮಧು ಜೊತೆ ಸರಿಯಾಗಿ ಮಾತಾಡಲಿಲ್ಲ. ಡಬ್ಬಿ ಮಾತ್ರ ಸೀರೆಗಳ ನಡುವೆ ನೆಮ್ಮದಿಯಾಗಿ ಕುಳಿತಿತ್ತು.

ವಾಕೋ

ವಿನುತಾ ಇಲ್ಲಿನ ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ಭತ್ತದ ಬೇರಿನ ಮೇಲೆ ಕೆಲಸ ಮಾಡುತ್ತಾಳೆ. ಮಧು ಸಾಫ್ಟ್‌ವೇರ್. ಮೊಮ್ಮಗಳು ಮೀರಾ ಎರಡನೇ ತರಗತಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಕೋಪ ಬಂದರೆ ಜಪಾನಿ.

ನಾನು ಹೋದ ಮರುದಿನವೇ ಅವರ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡೆ. ವಸ್ತು ಇಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಔಷಧಾಲಯದಲ್ಲಿ ಕುಟ್ಟುವುದು ಯಜಮಾನರ ಕೆಲಸ, ಶೋಧಿಸಿ ತುಂಬಿಡುವುದು ನನ್ನ ಕೆಲಸ. ಅವರು ಮಾಡಿದ್ದನ್ನು ಕೆಡದಂತೆ ನೋಡಿಕೊಂಡವಳು ನಾನು. ಎಲೆಯ ಪುಡಿಗೆ ಬೆಳಕು ತಾಕಬಾರದು, ತಾಕಿದರೆ ಹಸಿರು ಕಂದಾಗಿ ಸತ್ವ ಇಳಿಯುತ್ತದೆ. ಒಲೆಯ ಹತ್ತಿರ ಇಡಬಾರದು. ಡಬ್ಬಿ ಕತ್ತಿನವರೆಗೂ ತುಂಬಿರಬೇಕು, ಅರ್ಧ ಖಾಲಿಯಿದ್ದರೆ ಗಾಳಿ ಅಲ್ಲೇ ಸಂಸಾರ ಹೂಡುತ್ತದೆ. ಕಡಿಮೆಯಾದಂತೆಲ್ಲ ಸಣ್ಣ ಡಬ್ಬಿಗೆ ಬದಲಾಯಿಸಬೇಕು. ಫ್ರಿಜ್‌ನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚಿದರೆ ಒಳಗೆ ಬೆವರುತ್ತದೆ, ಬೂಸಲು ಬರಲು ಅಷ್ಟು ಸಾಕು. ಒದ್ದೆ ಚಮಚ ಹಾಕಿದವರನ್ನು ನಾನು ಕ್ಷಮಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಪದೇಪದೇ ತೆಗೆಯಬಾರದು.

ಆ ಮನೆಯಲ್ಲಿ ಸಾರಿನಪುಡಿ ಸಿಂಕಿನ ಕೆಳಗೆ, ನೀರಿನ ಕೊಳವೆಗೆ ಅಂಟಿಕೊಂಡು ಕೂತಿತ್ತು. ಗಟ್ಟಿಯಾಗಿ ಇಟ್ಟಿಗೆಯ ಹಾಗಾಗಿತ್ತು. "ಸ್ಟೋರೇಜ್ ಇರೋದೇ ಅಲ್ಲಿ ಅಮ್ಮಾ," ಎಂದಳು ವಿನುತಾ. ನಾನು ಎಲ್ಲವನ್ನೂ ಮೇಲಿನ ಅರೆಗೆ ಏರಿಸಿದೆ. ಯಜಮಾನರ ಡಬ್ಬಿಗೆ ಒಳಗೆ ಕಾರ್ಕಿನ ಮುಚ್ಚಳ, ಹೊರಗೆ ತವರದ ಮುಚ್ಚಳ. ಅಂಚಿಗೆ ಜೇನುಮೇಣ ಹಚ್ಚಿ ತಂದಿದ್ದೆ. ಅದಕ್ಕೆ ಕತ್ತಲ ಮೂಲೆ ಕೊಟ್ಟೆ.

ಅಷ್ಟರಲ್ಲಿ ಮೈಸೂರಿನ ವಿಮಾನವೂ ಇಲ್ಲ, ಬೆಂಗಳೂರಿನ ವಿಮಾನವೂ ಇಲ್ಲ ಎಂದಾಯಿತು. ಮೂರು ತಿಂಗಳ ಲೆಕ್ಕ ಅಲ್ಲಿಗೆ ಮುಗಿಯಿತು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಮನೆಯವರೆಲ್ಲ ತಂತಮ್ಮ ಲ್ಯಾಪ್‌ಟಾಪಿನ ಮುಂದಿದ್ದರು. ನನ್ನ ಹೊಟ್ಟೆ ಸರಿಯಿರಲಿಲ್ಲ. ಡಬ್ಬಿಯ ಮೇಣ ಬಿಡಿಸಿ ಒಂದು ಚಿಟಿಕೆ ತೆಗೆದುಕೊಂಡಿದ್ದೆ. ಹೇಗೂ ತೆಗೆದಾಗಿದೆ, ಪುಡಿ ತೇವ ಕುಡಿದಿದೆಯೋ ನೋಡೋಣ ಎಂದು ಕಾಗದದ ಮೇಲೆ ಹರಡಿಕೊಂಡು ಕೂತಿದ್ದೆ. ಬಾಗಿಲ ಗಂಟೆ ಬಾರಿಸಿತು. ಮೀರಾ ತೆರೆದಳು. ಪೊಲೀಸ್.

ಮೈಸೂರಿನಲ್ಲಿ ಮನೆಗೆ ಪೊಲೀಸ್ ಬಂದರೆ ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ. ಇಲ್ಲಿ ಅದು ವಾಡಿಕೆಯಂತೆ. ಬೀದಿಯ ಠಾಣೆಯವರು ಮನೆಮನೆಗೆ ಬಂದು ಯಾರಿದ್ದೀರಿ, ಭೂಕಂಪ ಆದರೆ ಯಾರಿಗೆ ತಿಳಿಸಬೇಕು ಎಂದು ಬರೆದುಕೊಂಡು ಹೋಗುತ್ತಾರೆ. ಮಾಸ್ಕ್ ಹಾಕಿದ್ದ ಎಳೆ ಹುಡುಗ, ಚಪ್ಪಲಿ ಬಿಡುವ ಜಾಗ ದಾಟದೆ ಅಲ್ಲೇ ನಿಂತ. ಆ ಮನೆಗಳಲ್ಲಿ ಬಾಗಿಲಿಗೂ ಅಡುಗೆಮನೆಗೂ ನಡುವೆ ಮೂರು ಹೆಜ್ಜೆಯೂ ಇರುವುದಿಲ್ಲ. ಅವನು ಗಾಳಿಯನ್ನು ಮೂಸಿ ಏನೋ ಹೇಳಿದ.

"ಅಜ್ಜಿ, 'ಈಈ ನಿಯೋಯಿ' ಅಂತೆ. ಗುಡ್ ಸ್ಮೆಲ್," ಎಂದಳು ಮೀರಾ.

ನನಗೆ ಹೆಮ್ಮೆಯೋ ಹೆಮ್ಮೆ. "ಬರೀ ಗುಡ್ ಅಲ್ಲ, ಎರಡು ವರ್ಷ ಹಳೇದು ಅಂತ ಹೇಳು. ಹೇಗಿಟ್ಟಿದೀನಿ ನೋಡು ಅನ್ನು," ಎಂದೆ. ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ. ಅವನು ಬಗ್ಗಿದ. ನಾನೂ ಬಗ್ಗಿದೆ. ಮಧು ಮೀಟಿಂಗಿನಲ್ಲಿದ್ದುದರಿಂದ ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೋದ.

ಫುನಾಬೊರಿ

ಓಡಾಟ ಸ್ವಲ್ಪ ಸಡಿಲವಾದ ಮೇಲೆ ಬೇಳೆ, ಹುಣಸೆಹಣ್ಣು ತರಲು ಫುನಾಬೊರಿಗೆ ಹೋದೆವು. ರೈಲಿನಲ್ಲಿ ಒಬ್ಬರೂ ಮಾತಾಡುವುದಿಲ್ಲ. ನನ್ನ ಫೋನು ಒಮ್ಮೆ ಕೂಗಿದ್ದಕ್ಕೆ ಮೀರಾ ನನ್ನಿಂದ ನಾಲ್ಕು ಸೀಟು ದೂರ ಹೋಗಿ ಕೂತಳು. ನಮ್ಮ ಸಿಟಿ ಬಸ್ಸಿನಲ್ಲಾದರೆ ಅಷ್ಟು ಹೊತ್ತಿಗೆ ಪಕ್ಕದವರ ಮಗಳ ಮದುವೆ ಎಲ್ಲಿ ನಿಂತಿದೆ ಎಂಬುದು ತಿಳಿದಿರುತ್ತಿತ್ತು.

ಫುನಾಬೊರಿಯಲ್ಲಿ ಇಳಿದರೆ ಇನ್ನೊಂದು ಲೋಕ. ನಮ್ಮವರ ಮನೆಗಳು ಸಾಲಾಗಿವೆ. ವಿನುತಾಳ ಗೆಳತಿ ಶೈಲಜಾ, ಬೆಂಗಳೂರಿನವಳು, ಬಾಲ್ಕನಿಯಲ್ಲಿ ದೂರದೂರ ಕುರ್ಚಿ ಹಾಕಿಸಿ ಕಾಫಿ ಕೊಟ್ಟಳು. ಮಳೆಗಾಲ ಬರುತ್ತಿದೆ, ತೊಗರಿಬೇಳೆಯಲ್ಲಿ ಹುಳು, ಹುಳಿಪುಡಿಯಲ್ಲಿ ಗಂಟು ಎಂದು ಅಳಲು ತೋಡಿಕೊಂಡಳು. ನಾನು ಅಲ್ಲೇ ಪಾಠ ಶುರುಮಾಡಿದೆ. ಪಕ್ಕದ ಬಾಲ್ಕನಿಯ ಇನ್ನಿಬ್ಬರು ಕಟಕಟೆಗೆ ಆತುಕೊಂಡು ಕೇಳಿಸಿಕೊಂಡರು. ಊರಿನಿಂದ ಪಾರ್ಸೆಲ್ ಬರುವುದು ನಿಂತುಹೋದ ಆ ದಿನಗಳಲ್ಲಿ ಒಂದು ಡಬ್ಬಿ ಪುಡಿ ಕೆಡುವುದು ಸಣ್ಣ ವಿಷಯವಾಗಿರಲಿಲ್ಲ.

ಮಾತಿನ ಭರದಲ್ಲಿ ಯಜಮಾನರ ಚೂರ್ಣದ ಸುದ್ದಿಯೂ ಬಂತು. "ಆಂಟಿ, ನಂಗೂ ಸ್ವಲ್ಪ ಕೊಡ್ತೀರಾ? ಇವರಿಗೆ ಈ ವರ್ಕ್ ಫ್ರಂ ಹೋಮ್ ಶುರುವಾದಾಗಿಂದ ಹೊಟ್ಟೆ ಅಪ್‌ಸೆಟ್ಟು," ಎಂದಳು ಶೈಲಜಾ.

ನಾನು ಯಾರಿಗೂ ಇಲ್ಲ ಎನ್ನುವವಳಲ್ಲ. ಅಂದು ಇಲ್ಲ ಅಂದೆ. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು. ಅವರು ಕೈಯಾರೆ ಮಾಡಿದ್ದು ಅಂತ ಉಳಿದಿರೋದು ಅಷ್ಟೇ."

ಮೈಸೂರಿನಲ್ಲಿ ಅವರ ಕುರ್ಚಿ ಇದೆ, ಕನ್ನಡಕ ಇದೆ. ಆದರೆ ಕುರ್ಚಿ ಬಡಗಿ ಮಾಡಿದ್ದು, ಕನ್ನಡಕ ಅಂಗಡಿಯದು. ಅವರು ಮಾಡಿದ್ದು ಎಂಬುದು ಲೋಕದಲ್ಲಿ ಆ ಡಬ್ಬಿಯೊಂದೇ. ಅದಕ್ಕೇ ಬಿಟ್ಟುಬರಲು ಮನಸ್ಸಾಗದೆ ಸೀರೆಯಲ್ಲಿ ಸುತ್ತಿ ತಂದಿದ್ದೆ.

ಓಕಾದಾ-ಸಾನ್ ತಂದ ಏಳು ಪುಡಿ

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಮಳೆಯಂತೆ ಸುರಿದು ನಿಲ್ಲುವುದಿಲ್ಲ, ದಿನವಿಡೀ ಜಿನುಗುತ್ತದೆ. ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪು ಉದುರುವುದಿಲ್ಲ. ಎದುರು ಮನೆಯ ಓಕಾದಾ-ಸಾನ್, ಅಂದರೆ ಓಕಾದಾ ಅವರು, ನನ್ನ ಓರಿಗೆಯ ವಿಧವೆ. ನಾನು ಕೊಟ್ಟ ಚಕ್ಕುಲಿಯ ಡಬ್ಬಿ ಹಿಂತಿರುಗಿಸಲು ಬಂದಳು. ಖಾಲಿ ಡಬ್ಬಿ ವಾಪಸು ಕೊಡುವುದು ಅವರಲ್ಲೂ ಮರ್ಯಾದೆಯಲ್ಲ. ಒಳಗೆ ಬಿಸ್ಕತ್ ಪೊಟ್ಟಣಗಳಿಂದ ಕೂಡಿಟ್ಟ, ತೇವ ಹೀರುವ ಸಣ್ಣ ಚೀಲಗಳಿದ್ದವು. ಜೊತೆಗೆ ಒಂದು ಪುಟ್ಟ ಬಿದಿರಿನ ಕೊಳವೆ. ಈ ಹೆಂಗಸು ನಮ್ಮ ಜಾತಿಯವಳು ಎಂದುಕೊಂಡೆ. ಜಾತಿಯೆಂದರೆ ಡಬ್ಬಿ ಕಾಯುವವರ ಜಾತಿ.

ಬಿದಿರಿನ ಕೊಳವೆಯಲ್ಲಿ ನೂಡಲ್ಸ್ ಮೇಲೆ ಉದುರಿಸಿಕೊಳ್ಳುವ ಏಳು ಬಗೆಯ ಖಾರದ ಪುಡಿ. ಅಂಗೈ ಮೇಲೆ ಸುರಿದುಕೊಂಡು ನೋಡಿದೆ. ಮೆಣಸಿನಕಾಯಿ, ಎಳ್ಳು, ಕಿತ್ತಳೆ ಸಿಪ್ಪೆ. ಅವುಗಳ ನಡುವೆ ಬೂದುಹಸಿರು ಬಣ್ಣದ ಗುಂಡನೆಯ ಕಾಳು. ಬಾಯಿಗೆ ಹಾಕಿ ಕಡಿದೆ. ನನಗೆ ಗೊತ್ತಿದ್ದ ಕಾಳು. ವರ್ಷಗಟ್ಟಲೆ ನನ್ನ ಜರಡಿಯ ಮೇಲೆ ಉಳಿಯುತ್ತಿದ್ದ ಕಾಳು.

"ಇದು ಭಂಗಿ ಬೀಜ ಅಲ್ವೇನೆ?" ಎಂದು ವಿನುತಾಳನ್ನು ಕೇಳಿದೆ.

ಅವಳು ಓಕಾದಾ-ಸಾನ್ ಜೊತೆ ಮಾತಾಡಿ ಹೇಳಿದಳು. "ಹೌದಂತೆ ಅಮ್ಮಾ. ಹುರಿದಿರ್ತಾರಂತೆ, ಮೊಳಕೆ ಬರಬಾರದು ಅಂತ. ಎಣ್ಣೆ ಇರೋ ಬೀಜ ಅಲ್ವಾ, ಮಳೆಗಾಲದಲ್ಲಿ ಕಮಟು ಹಿಡಿಯತ್ತೆ, ಫ್ರೀಜರಲ್ಲಿ ಇಡಿ ಅಂತಿದಾರೆ." ಇಬ್ಬರೂ ಇನ್ನಷ್ಟು ಮಾತಾಡಿದರು. ವಿನುತಾ ನಗುತ್ತಲೇ ತಿರುಗಿದಳು. "ಬೀಜ ಮಾತ್ರ ಓಕೆ ಅಂತೆ. ಎಲೆ, ಹೂವು ಒಂದು ಚೂರು ಮನೇಲಿ ಸಿಕ್ಕಿದ್ರೂ ಅರೆಸ್ಟು. ಇಲ್ಲಿ ತುಂಬಾ ಸ್ಟ್ರಿಕ್ಟ್, ನಂಗೂ ಗೊತ್ತು."

ನನ್ನ ಬಾಯಲ್ಲಿದ್ದ ಕಾಳು ಅಲ್ಲೇ ನಿಂತಿತು.

ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೂರ್ಣದಲ್ಲಿ ಏನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ವಿಜಯಾ ಒಂದು ಅರೆಯಲ್ಲಿತ್ತು, ಪೇಪರಿನಲ್ಲಿ ಓದುವ ಗಾಂಜಾ ಇನ್ನೊಂದು ಅರೆಯಲ್ಲಿತ್ತು. ಎರಡರ ಮುಚ್ಚಳವೂ ಎಷ್ಟು ಭದ್ರವಾಗಿತ್ತೆಂದರೆ ಒಂದರ ವಾಸನೆ ಇನ್ನೊಂದಕ್ಕೆ ತಗುಲಿರಲೇ ಇಲ್ಲ. ಕಸ್ಟಮ್ಸಿನವರ ಮುಂದೆ ಕರಿಬೇವಿಗಾಗಿ ಸಂಕಟಪಡುವಾಗ ಸೀರೆಯೊಳಗೆ ಏನಿತ್ತು ಎಂಬುದು ಆಗ ನೆನಪಾಯಿತು. ಪೊಲೀಸಿನವನ ಮುಂದೆ ಎರಡೂ ಕೈಯಲ್ಲಿ ಏನನ್ನು ಎತ್ತಿ ತೋರಿಸಿದ್ದೆ ಎಂಬುದೂ ನೆನಪಾಯಿತು.

ಊಟದ ಮೇಜು

ಓಕಾದಾ-ಸಾನ್ ಹೋದ ಮೇಲೆ ಡಬ್ಬಿಯನ್ನು ಇಳಿಸಿ ಮೇಜಿನ ಮೇಲಿಟ್ಟು ಇದ್ದದ್ದನ್ನು ಹೇಳಿಬಿಟ್ಟೆ. ಮೀರಾ ಪಕ್ಕದ ಕೋಣೆಯಲ್ಲಿ ಆನ್‌ಲೈನ್ ಪಾಠದಲ್ಲಿದ್ದಳು.

ವಿನುತಾ ಬಿಳಿಚಿಕೊಂಡಳು. "ಅಮ್ಮಾ, ಇಲ್ಲೇ ಖಾಯಂ ಆಗಿ ಇರೋಕೆ ನಮ್ಮ ಪಿ.ಆರ್. ಅಪ್ಲಿಕೇಶನ್ ಹೋಗಿದೆ. ನನ್ನ ಲ್ಯಾಬು, ಇವರ ಕೆಲಸ, ಮೀರಾ ಸ್ಕೂಲು... ಔಷಧಿ ಅಂದ್ರೆ ಯಾರು ಕೇಳ್ತಾರೆ? ಮೊದಲು ಕರ್ಕೊಂಡು ಹೋಗೋದು ನಿನ್ನನ್ನೇ."

"ಆ ಕಾನ್‌ಸ್ಟೇಬಲ್ ಮತ್ತೆ ಬರ್ತೀನಿ ಅಂದಿದಾನೆ," ಎಂದ ಮಧು. ಅವನು ಕೂಗಾಡುವವನಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಅತ್ತೆ, ಮಾವನವರು ಮಾಡಿದ್ದು ಅಂತ ನಂಗೊತ್ತು. ನೀವೇ ಹೇಳಿ, ಏನ್ ಮಾಡೋಣ?"

ವಿನುತಾ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಚ್ಚಳ ತೆಗೆದಳು. ಬೈಯಲು ತೆಗೆದಳೋ ಏನೋ. ಮೂಸಿದವಳೇ ಅಳತೊಡಗಿದಳು. ಅಪ್ಪ ತೀರಿಕೊಂಡಾಗ ಅವಳು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದು ಮೈಸೂರಿನಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. "ಅಪ್ಪನ ಶರ್ಟ್ ಸ್ಮೆಲ್ಲು," ಎಂದಳು.

ಆಗ ನನಗೂ ತಡೆಯಲಾಗಲಿಲ್ಲ. ಇರಲಿ, ಎಲ್ಲಾದರೂ ಬಚ್ಚಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಬಚ್ಚಿಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಅವರು ಆ ಚೂರ್ಣ ಮಾಡಿದ್ದು ಹೊಟ್ಟೆನೋವು ವಾಸಿಯಾಗಲಿ ಎಂದು, ಮಗಳ ಮನೆಗೆ ಕಂಟಕವಾಗಲಿ ಎಂದಲ್ಲ. ಅವರೇ ಎದುರಿಗಿದ್ದಿದ್ದರೆ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಸುರಿದಿರುತ್ತಿದ್ದರು.

"ಬಕೆಟ್ ತಗೊಂಡು ಬಾ," ಎಂದೆ ಮಧುಗೆ.

ಜಪಾನಿನಲ್ಲಿ ಕಸ ಹಾಕುವುದು ಪಾರದರ್ಶಕ ಚೀಲದಲ್ಲಿ. ಯಾವ ವಾರ ಯಾವ ಕಸ ಎಂದು ಓಕಾದಾ-ಸಾನ್ ಥರದವರು ನಿಂತು ನೋಡುತ್ತಾರೆ. ಆದ್ದರಿಂದ ನೀರಿನಲ್ಲಿ ಕದಡಿ ಪಾಯಿಖಾನೆಗೆ ಹೊತ್ತೊಯ್ದೆವು. ನಾವು ಒಳಗೆ ಹೋದ ಕೂಡಲೇ ಅಲ್ಲಿನ ಕರೆಂಟಿನ ಕಮೋಡು ತಾನಾಗಿ ಮುಚ್ಚಳ ಎತ್ತಿ ಸ್ವಾಗತಿಸಿ, ರೆಕಾರ್ಡ್ ಮಾಡಿಟ್ಟ ಹಕ್ಕಿ ಚಿಲಿಪಿಲಿ ಶುರುಮಾಡಿತು. ಅಳುತ್ತಿದ್ದ ವಿನುತಾ ನಕ್ಕಳು. ಅವಳನ್ನು ನೋಡಿ ನಾನೂ ನಕ್ಕೆ. ಯಜಮಾನರ ಕೊನೆಯ ಔಷಧ ಹಕ್ಕಿಗಳ ಹಾಡು ಕೇಳುತ್ತಾ ಹೋಯಿತು.

ಡಬ್ಬಿಯನ್ನು ಸೋಪು ಹಾಕಿ ಉಜ್ಜಿದೆ, ಕಾರ್ಕನ್ನು ಕುದಿಸಿದೆ, ಒಲೆಯ ಬಿಸಿಗೆ ಹಿಡಿದು ಒಣಗಿಸಿದೆ. ಮೂಗಿಗೆ ಹಚ್ಚಿ ನೋಡಿದೆ. ಏನೂ ಇರಲಿಲ್ಲ. ಖಾಲಿ ಡಬ್ಬಿಯನ್ನು ಹಾಗೆಯೇ ಇಡಲು ಮನಸ್ಸು ಬಾರದೆ ಓಕಾದಾ-ಸಾನ್ ಹಿಂದೆ ಯಾವಾಗಲೋ ಕೊಟ್ಟಿದ್ದ ಹುರಿದ ಬಾರ್ಲಿ ತುಂಬಿದೆ. ಬೇಸಿಗೆಯಲ್ಲಿ ಅವರು ಅದನ್ನು ಕುದಿಸಿ ಟೀ ಹಾಗೆ ಕುಡಿಯುತ್ತಾರೆ. ಅದನ್ನು ಮೇಲೇರಿಸಿ ಆಮೇಲೆ ಅತ್ತ ತಿರುಗಿ ನೋಡಲಿಲ್ಲ.

ಬಾರ್ಲಿ ಟೀ

ಮಳೆ ಹೋಗಿ ಧಗೆ ಬಂತು. ಮೊದಲ ಸಲ ಆ ಬಾರ್ಲಿ ತೆಗೆದು ಒಲೆಯ ಮೇಲೆ ಕುದಿಯಲು ಇಟ್ಟ ದಿನವೇ ಬಾಗಿಲ ಗಂಟೆ ಬಾರಿಸಿತು. ಅದೇ ಹುಡುಗ. ಅದೇ ಮಾಸ್ಕ್. ಈ ಸಲ ಮಧು, ವಿನುತಾ ಇಬ್ಬರೂ ಬಾಗಿಲಿಗೆ ಹೋದರು. ಹೆಸರು, ಫೋನ್ ನಂಬರ್ ಎಲ್ಲ ಮುಗಿಯಿತು. ಅವನು ಹೊರಡುವವನು ನಿಂತ. ಅಡುಗೆಮನೆಯ ಕಡೆ ಮುಖ ಮಾಡಿ ಮೂಸಿದ. ಮೀರಾಗೆ ಏನೋ ಹೇಳಿದ.

"ಅಜ್ಜಿ, ಲಾಸ್ಟ್ ಟೈಮ್ ಬಂದಾಗ ಇದ್ದ ಸ್ಮೆಲ್ಲೇ ಅಂತೆ. ಸೇಮ್ ಗುಡ್ ಸ್ಮೆಲ್. ಏನದು ಅಂತ ಕೇಳ್ತಿದಾರೆ."

ವಿನುತಾ ಗೋಡೆ ಹಿಡಿದುಕೊಂಡಳು. ಮಧು ನನ್ನನ್ನು ನೋಡಿದ. ನಾನು ಕುದಿಯುವ ಪಾತ್ರೆಯ ಮೇಲೆ ಬಗ್ಗಿದೆ. ನನಗೆ ಬಾರ್ಲಿ ಬಿಟ್ಟು ಏನೂ ಗೊತ್ತಾಗಲಿಲ್ಲ. ಇಷ್ಟು ವರ್ಷ ಆ ವಾಸನೆಯಲ್ಲೇ ಬಾಳಿದ ಮೂಗು, ಅದಕ್ಕೆ ಹೇಗೆ ಗೊತ್ತಾಗಬೇಕು? ಹೊಸಬನ ಮೂಗು ಹಿಡಿದಿತ್ತು. ಬಾರ್ಲಿಯನ್ನು ಪಕ್ಕಕ್ಕೆ ಸರಿಸಿ ಕಾರ್ಕಿನ ಮುಚ್ಚಳವನ್ನು ಹಬೆಗೆ ಹಿಡಿದು ಮೂಸಿದೆ. ಬಂತು. ಜಾಯಿಕಾಯಿ, ಅದರ ಹಿಂದೆ ಲವಂಗ. ಔಷಧಾಲಯದಿಂದ ಮಧ್ಯಾಹ್ನ ಊಟಕ್ಕೆ ಬಂದು ಅವರು ಅಂಗಿ ಗೂಟಕ್ಕೆ ಹಾಕಿದಾಗ ಬರುತ್ತಿದ್ದ ವಾಸನೆ.

ಡಬ್ಬಿಯನ್ನು ಹಿಡಿದುಕೊಂಡೇ ಬಾಗಿಲಿಗೆ ಹೋದೆ. "ಜಾಯಿಕಾಯಿ, ಲವಂಗ, ಏಲಕ್ಕಿ. ಇವತ್ತು ಒಳಗಿರೋದು ಬಾರ್ಲಿ. ಡಬ್ಬಿ ನನ್ನ ಗಂಡಂದು, ಅವರಿಲ್ಲ, ವಾಸನೆ ಉಳಕೊಂಡಿದೆ ಅಂತ ಹೇಳು ಮೀರಾ."

ಅವಳು ಎಷ್ಟು ಹೇಳಿದಳೋ, ಹೇಗೆ ಹೇಳಿದಳೋ. ಆ ಹುಡುಗ ಟೋಪಿ ತೆಗೆದ. ನನ್ನ ಕಡೆಗಲ್ಲ, ಡಬ್ಬಿಯ ಕಡೆಗೆ, ಬಹಳ ಹೊತ್ತು ಬಗ್ಗಿದ. ನಾಲ್ಕು ವಾರ ಯಾರ ಬೂಟಿನ ಸದ್ದಿಗೆ ಹೆದರಿ ಬೆಚ್ಚಿಬೀಳುತ್ತಿದ್ದೆವೋ ಅವನೇ ಬಂದು, ನಿನ್ನ ಗಂಡ ಇನ್ನೂ ಮನೆಯಲ್ಲೇ ಇದ್ದಾನೆ ಎಂದು ಹೇಳಿ ಹೋದ ಹಾಗಾಯಿತು. "ಅರಿಗಾತೋ" ಎಂದೆ. ಧನ್ಯವಾದ ಎನ್ನಲು ಆ ದೇಶದಲ್ಲಿ ನಾನು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದ ಮಾತು. ಅಂದು ಮನಸ್ಸಿಟ್ಟು ಹೇಳಿದೆ.

ಮುಂದಿನ ವರ್ಷ ವಿಮಾನ ಸಿಕ್ಕಿ ಮೈಸೂರಿಗೆ ಬಂದೆ. ಡಬ್ಬಿಯನ್ನು ತರಲಿಲ್ಲ. ಇಲ್ಲಿ ಔಷಧಾಲಯದ ಬಾಗಿಲು ತೆಗೆದರೆ ಗೋಡೆಗೋಡೆಯೂ ಅವರ ವಾಸನೆ ಹೊಡೆಯುತ್ತದೆ, ನನಗೇನು ಕಡಿಮೆ? ವಿನುತಾಗೆ ಅದೊಂದೇ. ಕಾರ್ಕಿನ ಅಂಚಿಗೆ ಹೊಸ ಜೇನುಮೇಣ ಹಚ್ಚಿ ಅವಳ ಕೈಗೆ ಕೊಟ್ಟು, ಬೆಳಕಿಗೆ ಇಡಬೇಡ, ಒಲೆ ಹತ್ತಿರ ಇಡಬೇಡ, ಪದೇಪದೇ ತೆಗೀಬೇಡ ಎಂದು ಹೇಳಿ ಬಂದಿದ್ದೇನೆ. ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದವಳಲ್ಲ ಅವಳು.

ಈ ಸಲ ಅಪ್ಪನ ತಿಥಿಯ ದಿನ ವಿಡಿಯೋ ಕಾಲ್ ಮಾಡಿದಳು. ಕಣ್ಣು ಕೆಂಪಾಗಿತ್ತು. ನಾನು ಕೇಳುವ ಮುಂಚೆ ಅವಳೇ ಹೇಳಿದಳು.

"ಒಂದೇ ಸಲ ತೆಗೆದೆ ಅಮ್ಮಾ. ತಕ್ಷಣ ಮುಚ್ಚಿಟ್ಟೆ."